ನೆತ್ತಿಯಿಂದ ಹಿಮ್ಮಡಿಗೆ

"ಅಬ್ಬಾ, ಇನ್ನೊಂದು ಸ್ವಲ್ಪ ತಡೀರಿ. ಅವರು ವಿಮಾನ ಹತ್ತವ್ರೆ," ಎಂದು ಅಂಬ್ರೀನ್ ಮಾವನನ್ನು ಬೇಡುತ್ತ, ಹೆಣಕ್ಕೆ ಹೊದಿಸುವ ಬಿಳಿ ಕಫನ್‌ನಲ್ಲಿ ಸುತ್ತಿದ ಕೂಸಿನ ಮೇಲೆ ಕೈಯಿಟ್ಟಳು. ನಾಲ್ಕು ತಿಂಗಳ ಆ ಹೆಣ್ಣುಕೂಸನ್ನು ಅಪ್ಪ ಮುಜಾಮಿಲ್ ಫೋನಿನಲ್ಲಲ್ಲದೆ ಕಂಡಿರಲಿಲ್ಲ.

ಮಾವ ಲಿಯಾಕತ್ ಅಲಿ ಅವಳ ಪಕ್ಕದಲ್ಲೇ ಕುಸಿದು ಕುಳಿತರು. "ಜಿದ್ದಾದಿಂದ ಬೆಂಗಳೂರಿಗೆ ಆರು ಗಂಟೆ ಕಣಮ್ಮ. ಅಲ್ಲಿಂದ ನಮ್ ಶಿರಾಕ್ಕೆ ಇನ್ನೂ ಎರಡೂವರೆ. ಅವನಿನ್ನೂ ಸಮುದ್ರದ ಮೇಲವ್ನೆ. ಬೆಳಗಿನ ಜಾವ ಹೋದ ಕೂಸು, ಸಂಜೆ ಅಸರ್ ನಮಾಜೂ ಆಯ್ತು. ಅಲ್ಲಾ ನಮ್ಮನ್ನ ನಂಬಿ ಇಟ್ಟಿದ್ದ ಅಮಾನತ್ತು, ಎಷ್ಟೊತ್ತು ಅಂತ ಇಟ್ಕಳಕ್ಕಾಯ್ತದೆ?"

ಫೋನ್ ಮಾಡಿದಾಗಲೆಲ್ಲ ಮುಜಾಮಿಲ್ ಮೊದಲು ಕೇಳುತ್ತಿದ್ದದ್ದು ಒಂದೇ: "ಎಷ್ಟುದ್ದ ಆಗವ್ಳೆ ನನ್ ಮಗ್ಳು? ನಿನ್ನಂಗೇ ಗಿಡ್ಡೀನಾ?" ಅಂಬ್ರೀನ್ ನಗುತ್ತ, "ಬಂದು ನೀವೇ ಅಳೀರಿ," ಎನ್ನುತ್ತಿದ್ದಳು.

ಚಾಪೆಯ ಮೇಲೆ ಕಫನ್ ಬಟ್ಟೆಯಿಂದ ಹರಿದುಳಿದ ಅಂಚೊಂದು ಬಿದ್ದಿತ್ತು. ಅಂಬ್ರೀನ್ ಅದನ್ನೆತ್ತಿಕೊಂಡು ಕೂಸಿನ ನೆತ್ತಿಯಿಂದ ಹಿಮ್ಮಡಿಯವರೆಗೆ ಮೆಲ್ಲಗೆ ಎಳೆದು ಹಿಡಿದಳು. ಹಿಮ್ಮಡಿ ಮುಗಿದಲ್ಲಿ ಒಂದು ಗಂಟು ಹಾಕಿ, ಮಿಕ್ಕಿದ್ದನ್ನು ಹಲ್ಲಿನಲ್ಲಿ ಕಚ್ಚಿ ಹರಿದಳು. ಆ ಪಟ್ಟಿಯನ್ನು ಸುತ್ತಿ ಮುಷ್ಟಿಯೊಳಗಿಟ್ಟುಕೊಂಡು, ಕೂಸಿನ ಮೇಲಿದ್ದ ಕೈ ತೆಗೆದಳು.

"ಕರ್ಕೊಂಡೋಗಿ, ಅಬ್ಬಾ."