ಅಗ್ಗದ ಗಂಟೆ

“ಅಮ್ಮಾ, ಸೌನಾ ಕಾಯಿಸೋಣ್ವಾ? ಶನಿವಾರ ಅಲ್ವಾ ಇವತ್ತು?”

ಔಲು ನಗರದಿಂದ ಬಸ್ಸಿನಲ್ಲಿ ಬಂದಿದ್ದ ಸುವಿ ಕೋಟನ್ನೂ ಬಿಚ್ಚದೆ ಅಡುಗೆಮನೆಯ ಬೆಂಚಿನ ತುದಿಯಲ್ಲಿ ಕೂತು ಕೇಳಿದಳು. ಪ್ರತಿ ಶನಿವಾರ ಹಬೆಸ್ನಾನ ಮಾಡುವ ಆ ಕೋಣೆಯ ಒಲೆ ಕರೆಂಟಿನದು, ಹಾಗಾಗಿ ರೈಯಾ ಮಗಳಿಗೆ ಉತ್ತರ ಕೊಡುವ ಮೊದಲು ಫೋನು ನೋಡಿದಳು. ಆ ದಿನದ ಕರೆಂಟಿನ ದರ ಪರದೆಯ ಮೇಲೆ ಗಂಟೆಗೊಂದು ಕಂಬವಾಗಿ ನಿಂತಿತ್ತು. ಹೊರಗೆ ಗಾಳಿಯ ಸುಳಿವಿಲ್ಲ, ಮೂಳೆ ಕೊರೆಯುವ ಚಳಿ. ಸಂಜೆಯ ಕಂಬಗಳೆಲ್ಲ ಕೆಂಪಾಗಿ ಉದ್ದುದ್ದ ಬೆಳೆದಿದ್ದವು.

“ಈಗ ಬೇಡ ಕಣೇ, ದರ ನೆತ್ತಿ ಮೇಲೆ ಹತ್ತಿ ಕೂತಿದೆ. ಬೆಳಿಗ್ಗೆ ಗಾಳಿ ಏಳುತ್ತಂತೆ, ಗಾಳಿಯಂತ್ರ ತಿರುಗಿದ್ರೆ ಕರೆಂಟು ಪುಕ್ಕಟೆ ಅನ್ನೋ ಹಾಗೆ ಇಳಿಯುತ್ತೆ. ಆಗ ಕಾಯಿಸಿ ಇಬ್ರೂ ಆರಾಮಾಗಿ ಕೂರೋಣ.”

“ಹ್ಞೂಂ,” ಎಂದಳು ಸುವಿ.

“ನಿಮ್ಮಮ್ಮನ ರಾಜ್ಯದಲ್ಲಿ ಈಗ ಕರ್ಫ್ಯೂ ಕಣಮ್ಮ,” ಎಂದ ಅಪ್ಪ ಒಸ್ಮೋ, ಟೋಪಿ ಕಿವಿಯವರೆಗೆ ಎಳೆದುಕೊಂಡು. “ಹೀಟ್ ಪಂಪಿಗೂ ರಜೆ, ಒಲೆಗೂ ರಜೆ. ನಾಳೆಯಿಂದ ನಾನು ಕೆಮ್ಮೋದಕ್ಕೂ ಫೋನು ನೋಡಿ ಹೇಳ್ತಾಳೆ.”

“ಸಾಕು ಸುಮ್ನಿರು. ಎಣ್ಣೆ ಬಾಯ್ಲರ್ ಇದ್ದಾಗ ಚಳಿಗಾಲ ಬಂತು ಅಂದ್ರೆ ಬಿಲ್ಲು ನೋಡಿ ತಲೆ ಮೇಲೆ ಕೈ ಹೊತ್ತು ಕೂರ್ತಿದ್ದೋರು ಯಾರು?”

ಅದೂ ನಿಜವೇ. ಹಿಂಬದಿಯ ಗೋಡೆಗೆ, ಕರೆಂಟಿನಲ್ಲಿ ಮನೆ ಬಿಸಿ ಮಾಡುವ ಹೀಟ್ ಪಂಪು ಕೂರಿಸಿದಂದಿನಿಂದ ರೈಯಾ ಮನೆಯ ದಿನಚರಿಯನ್ನೇ ಅದರ ತಾಳಕ್ಕೆ ಹೊಂದಿಸಿಬಿಟ್ಟಿದ್ದಳು. ಅಗ್ಗದ ಗಂಟೆಯಲ್ಲಿ ಪಂಪು ಓಡಿಸಿ ನೆಲವನ್ನೆಲ್ಲ ಬಿಸಿ ಮಾಡಿಡುವುದು. ಬಟ್ಟೆ ಒಗೆಯುವುದು, ರೊಟ್ಟಿ ಬೇಯಿಸುವುದು, ಕಾಫಿ ಮಾಡಿ ಫ್ಲಾಸ್ಕಿಗೆ ತುಂಬುವುದು ಎಲ್ಲ ಆಗಲೇ. ದುಬಾರಿ ಗಂಟೆ ಬಂತೆಂದರೆ ಪಂಪು ಬಾಯಿ ಮುಚ್ಚಬೇಕು, ಮನೆ ತಾನು ಹಿಡಿದಿಟ್ಟುಕೊಂಡ ಬಿಸಿಯಲ್ಲೇ ಸಂಜೆ ದೂಡಬೇಕು. ಇವತ್ತಿನ ಚಳಿಗೆ ಆ ಬಿಸಿ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ರೈಯಾ ಮಗಳ ಕಾಲಿಗೆ ಉಣ್ಣೆಯ ಕಾಲುಚೀಲ ತೊಡಿಸಿ, ಹೆಗಲಿಗೆ ರಜಾಯಿ ಹೊದಿಸಿ, ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಟ್ಟಳು.

“ಲಸ್ಸೆ ಯಾಕೆ ಬರ್ಲಿಲ್ಲ?”

“ಅವನಿಗೆ ಕೆಲಸ.”

“ಮುಖ ಸಣ್ಣದಾಗಿದೆಯಲ್ಲೇ.”

“ಬಸ್ಸಲ್ಲಿ ಕೂತು ಕೂತು ಅಮ್ಮ.” ಸುವಿ ಅಪ್ಪನ ಕಡೆ ಒಮ್ಮೆ ನೋಡಿ ಕಾಫಿಯ ಕಡೆ ಕಣ್ಣು ತಿರುಗಿಸಿದಳು.

ಏನೋ ಹೇಳಲೆಂದೇ ಬಂದಿದ್ದಾಳೆ ಎಂದು ರೈಯಾಳಿಗೆ ತಿಳಿಯದೆ ಹೋಗಲಿಲ್ಲ. ಹಬ್ಬವಲ್ಲ, ಹುಟ್ಟುಹಬ್ಬವಲ್ಲ, ಒಂದೇ ಒಂದು ರಾತ್ರಿಗೆ ಯಾರಾದರೂ ಅಷ್ಟು ದೂರದಿಂದ ಬರುತ್ತಾರೆಯೇ? ಆದರೆ ಕೆಲವು ಮಾತಿಗೆ ಆ ಮನೆಯಲ್ಲಿ ಅಡುಗೆಮನೆ ಜಾಗವಲ್ಲ. ಸೌನಾದ ಮೇಲಿನ ಹಲಗೆಯ ಮೇಲೆ ಅಮ್ಮ ಮಗಳು ಅಕ್ಕಪಕ್ಕ ಕೂರಬೇಕು, ಕಾದ ಕಲ್ಲಿಗೆ ಎರಚಿದ ನೀರು ಚುಯ್ ಎನ್ನಬೇಕು, ಹಬೆಯಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣಬಾರದು. ಕಾಲೇಜು ಬಿಡುತ್ತೇನೆ ಎಂದು ಸುವಿ ಹೇಳಿದ್ದು ಅಲ್ಲಿ. ಲಸ್ಸೆಯ ಜೊತೆ ಇರುತ್ತೇನೆ ಎಂದದ್ದೂ ಅಲ್ಲೇ. ಎರಡು ಸಲವೂ ರೈಯಾ ಕಲ್ಲಿಗೆ ಇನ್ನೊಂದು ಸೌಟು ನೀರು ಹಾಕಿದ್ದಳು, ಮಗಳಿಗೆ ಅಷ್ಟೇ ಬೇಕಾಗಿತ್ತು. ಈಗಲೂ ಬೆಳಿಗ್ಗೆ ಅಲ್ಲೇ ಹೇಳುತ್ತಾಳೆ, ಒಂದು ರಾತ್ರಿಯ ಮಾತು ತಾನೇ ಎಂದುಕೊಂಡು ನೆಮ್ಮದಿಯಾಗಿ ಮಲಗಿದಳು.

ಹೇಳಿದಂತೆಯೇ ಬೆಳಗಿನ ಜಾವಕ್ಕೆ ಗಾಳಿ ಎದ್ದಿತು. ಫೋನಿನಲ್ಲಿ ಕಂಬಗಳು ಮೊಳಕೆಯಷ್ಟಾಗಿದ್ದವು. ಒಸ್ಮೋ ಕಾರು ತೆಗೆದುಕೊಂಡು ಸರೋವರಕ್ಕೆ ಮೀನು ಹಿಡಿಯಲು ಹೋಗಿಯಾಗಿತ್ತು. ಪಂಪು ಗುಂಯ್‌ಗುಡುತ್ತ ನೆಲ ಕಾಯಿಸುತ್ತಿರುವುದನ್ನು ಬರಿಗಾಲಿನಲ್ಲಿ ನಿಂತು ಅನುಭವಿಸಿ, ರೈಯಾ ಸೌನಾದ ಒಲೆಯನ್ನೂ ಹಾಕಿದಳು. ತಿರುಗಿ ನೋಡಿದರೆ ಸುವಿ ಹೆಗಲಿಗೆ ಚೀಲ ಏರಿಸಿಕೊಂಡು ನಿಂತಿದ್ದಾಳೆ.

“ಎಲ್ಲಿಗೇ? ಸೌನಾ ಕಾಯ್ತಾ ಇದೆ. ಇನ್ನು ಸ್ವಲ್ಪ ಹೊತ್ತು.”

“ಭಾನುವಾರ ಇರೋದು ಇದೊಂದೇ ಬಸ್ಸಮ್ಮ. ನಾಳೆಯಿಂದ ಕೆಲಸಕ್ಕೆ ಹೋಗ್ಬೇಕು.”

“ನಿನ್ನೇನೇ ಒಂದು ಮಾತು ಹೇಳಬಾರದಿತ್ತಾ?”

“ನಿನ್ನೆ ಕೇಳಿದ್ನಲ್ಲಮ್ಮ.” ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ರೈಯಾಳಿಗೆ ಹಗುರವಾಗುತ್ತಿತ್ತು.

ಬಸ್ಸು ನಿಲ್ಲುವ ಜಾಗದಲ್ಲಿ ಗಾಳಿ ಹಿಮವನ್ನು ಪುಡಿಪುಡಿಯಾಗಿ ಎರಚುತ್ತಿತ್ತು. ರೈಯಾ ಮಗಳ ಕೊರಳಪಟ್ಟಿಯನ್ನು ಬಿಗಿ ಮಾಡಿದಳು, ಅದು ಸರಿಯಾಗಿಯೇ ಇದ್ದರೂ ಮತ್ತೊಮ್ಮೆ ಬಿಗಿ ಮಾಡಿದಳು.

“ಏನೋ ಹೇಳ್ಬೇಕು ಅಂತ ಬಂದಿದ್ದೆ, ಅಲ್ವಾ? ಹೇಳೇ ಈಗ. ಯಾರಿದ್ದಾರೆ ಇಲ್ಲಿ?”

“ಇಲ್ಲಿ ನಿಂತ್ಕೊಂಡಾ?” ಸುವಿ ನಕ್ಕಳು. “ಬಿಡಮ್ಮ, ಇನ್ನೊಂದ್ಸಲ ಬರ್ತೀನಲ್ಲ.”

ಬಸ್ಸು ಬಂದು ನಿಂತಿತು. ಸುವಿ ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಅಮ್ಮನ ಮುಖ ನೋಡದೆ, ರಸ್ತೆಗೆ ಹೇಳುವಂತೆ ಹೇಳಿದಳು:

“ಮಗು ಹೊಟ್ಟೇಲಿ ಇರೋವರೆಗೂ ಸೌನಾ ಬೇಡ ಅಂದಿದ್ರು ಡಾಕ್ಟರು. ಈಗ ಹೋಗ್ಬಹುದಂತೆ.”

ಬಾಗಿಲು ಮುಚ್ಚಿಕೊಂಡಿತು. ಮಾತು ಕಿವಿಯಿಂದ ಎದೆಗಿಳಿಯುವಷ್ಟರಲ್ಲಿ ಬಸ್ಸು ಹೊರಟಿತ್ತು. “ನಿಲ್ಸಿ, ನಿಲ್ಸಿ!” ಎನ್ನುತ್ತ ರೈಯಾ ಪಕ್ಕದಲ್ಲೇ ಓಡಿ ಎರಡೂ ಕೈಯಿಂದ ಅದರ ಮೈ ಬಡಿದಳು. ಉಣ್ಣೆಯ ದಪ್ಪ ಕೈಗವಸು, ಸದ್ದೇ ಬರಲಿಲ್ಲ.