ಬಸ್‌ಸ್ಟಾಪಿನ ಹಿಂದಿನ ದೇವಿ

ಎಂಟುನೂರು ವರ್ಷದ ಶಾಸನವನ್ನು ಹುಡುಕಿಕೊಂಡು ಬಂದ ಇತಿಹಾಸತಜ್ಞರಿಗೆ ಬಸ್‌ಸ್ಟಾಪಿನ ಹಿಂದೆ ಸಿಕ್ಕಿದ್ದು ಒಬ್ಬ ದೇವಿ. ಶಾಸನದ ಕಲ್ಲಿಗೆ ಯಾರೋ ಮಂದವಾಗಿ ಅರಿಶಿನ ಮೆತ್ತಿ, ಬೆಳ್ಳಿ ಕಣ್ಣು ಅಂಟಿಸಿ, ಕೆಂಪು ಸೀರೆ ಉಡಿಸಿದ್ದರು. ಒಂದಕ್ಷರವೂ ಕಾಣುತ್ತಿರಲಿಲ್ಲ.

"ಯಾರು ಮಾಡಿದ್ದು ಈ ಕೆಲಸ?"

"ನಾನೇ ಸಾರ್," ಎಂದಳು ಪಕ್ಕದಲ್ಲಿ ಹೂ ಕಟ್ಟುತ್ತಿದ್ದವಳು. "ಶೂ ಆ ಕಡೆ ಬಿಡಿ."

"ಇದು ದೇವರಲ್ಲಮ್ಮ, ಶಾಸನ! ಈ ಊರು ಹುಟ್ಟಿದ ಕಥೆ ಇದರ ಮೇಲಿದೆ. ನಿಮ್ಮ ಮೂಢನಂಬಿಕೆಗೆ ಇತಿಹಾಸವೇ ಹಾಳಾಯ್ತಲ್ಲ! ಆ ತಿರುವಿನಲ್ಲಿ ಇಂಥವೇ ಎರಡಿವೆ, ಹೋಗಿ ನೋಡಿ. ಬೇಲಿ ಹಾಕಿಸಿ, 'ಸಂರಕ್ಷಿತ ಸ್ಮಾರಕ' ಅಂತ ಬೋರ್ಡು ನಿಲ್ಲಿಸಿದ್ದೀನಿ. ಕಾಪಾಡೋದು ಅಂದ್ರೆ ಹಾಗೆ."

"ಅವು ಹೋದ್ವಲ್ಲ ಸಾರ್. ರಸ್ತೆ ಅಗಲ ಮಾಡೋರು ಬಂದು ಒಂದನ್ನ ಚರಂಡಿ ಮೇಲೆ ಹಾಸಿದ್ರು. ಇನ್ನೊಂದನ್ನ ಒಡೆದು ಜಲ್ಲಿ ಮಾಡಿದ್ರು. ನಿಮ್ಮ ಬೋರ್ಡು ಗುಜರಿ ಅಂಗಡೀಲಿದೆ."

ತಜ್ಞರು ಕಲ್ಲಿನ ಕಡೆ ತಿರುಗಿದರು. "ಮತ್ತೆ ಇದು ಹೇಗೆ ಉಳೀತು?"

"ಅವು ಹೋಗಿ ಒಂದು ವಾರಕ್ಕೆ ಇಲ್ಲಿಗೂ ಜೆಸಿಬಿ ಬಂತು. ಡ್ರೈವರ್ರು ಅಮ್ಮನ ಕಣ್ಣು ನೋಡಿ ಕೆಳಗಿಳಿದ. ಚಪ್ಪಲಿ ಬಿಟ್ಟು, ತಪ್ಪಾಯ್ತು ತಾಯಿ ಅಂತ ಕೆನ್ನೆ ಬಡ್ಕೊಂಡು, ಗಾಡಿ ತಿರುಗಿಸ್ಕೊಂಡು ಹೋದ."

ತಜ್ಞರು ಶೂ ಬಿಚ್ಚಿಟ್ಟು ಕಲ್ಲಿನ ಸುತ್ತ ಒಂದು ಸಲ ಬಂದರು. ಆಮೇಲೆ ಅಭ್ಯಾಸಬಲದಿಂದ ಕೇಳಿದರು: "ಈ ದೇವಿ ಎಷ್ಟು ಹಳೆಯವಳಮ್ಮ?"

ಆಕೆ ಮಾಲೆಗೆ ಕೊನೆಯ ಗಂಟು ಹಾಕಿದಳು.

"ಜೆಸಿಬಿ ಬರೋ ಹಿಂದಿನ ದಿನ ಹುಟ್ಟಿದ್ಲು ಸಾರ್."