ಹೋದ ವರ್ಷದ ಮಾಸ್ಕ್

ರೇಡಿಯೇಷನ್ ಚಿಕಿತ್ಸೆ ಕಲಿಸುವ ನಮ್ಮ ಪ್ರೊಫೆಸರ್ ಬಾಯಿ ತೆರೆದರೆ ಯಾರದಾದರೂ ಮಾನ ಹೋಗಲೇಬೇಕು.

"ಕ್ಯಾನ್ಸರ್‌ಗಳಲ್ಲಿ ಲ್ಯುಕೇಮಿಯಾ ರಕ್ತದಲ್ಲಿ ಬಚ್ಚಿಟ್ಕೊಳ್ಳುತ್ತೆ. ಲಿಂಫೋಮಾ ಹೆಚ್ಚಾಗಿ ಗಂಟಾಗಿ ಕೈಗೆ ಸಿಗುತ್ತೆ, ಕುತ್ತಿಗೇಲೋ ಕಂಕುಳಲ್ಲೋ. ನೋಯೋ ಗಂಟಿಗಲ್ಲ, ನೋಯದೇ ಇರೋ ಗಂಟಿಗೆ ಹೆದರ್ರೋ, ದಡ್ಡಮುಂಡೇವಾ!"

ಆಮೇಲೆ ತಾವೇ ಮೇಜಿನ ಮೇಲೆ ಅಂಗಾತ ಮಲಗಿದರು. ರೋಗಿಯ ತಲೆ ಅಲುಗಾಡದಂತೆ ಹಿಡಿಯುವ ಪ್ಲಾಸ್ಟಿಕ್ ಮಾಸ್ಕೊಂದನ್ನು ಹೋದ ವರ್ಷ ಪಾಠಕ್ಕೆಂದು ಅವರ ಮುಖ, ಕುತ್ತಿಗೆಯ ಅಳತೆಗೇ ಎರಕ ಮಾಡಿದ್ದರು. ನಮ್ಮ ಕ್ಲಾಸಿನ ಫಿಲೋಮಿನಾ ಅದನ್ನು ಕೂರಿಸಲು ಹೋದಳು. ಎಡಗಡೆ ಬಿಗಿಯಾಗಿ ಕ್ಲಿಪ್ ಕೂರಲಿಲ್ಲ.

"ಬಿಸಿಲಲ್ಲಿಟ್ಟು ಕುಗ್ಗಿಸಿದ್ದೀರಲ್ಲ! ರೋಗೀನ ನಿಮ್ಮ ಕೈಗೆ ಕೊಡೋದಕ್ಕಿಂತ ಯಮನ ಕೈಗೆ ಕೊಡೋದು ವಾಸಿ."

"ಕುಗ್ಗಿದ್ರೆ ಎಲ್ಲಾ ಕಡೆ ಬಿಗಿಯಾಗ್ಬೇಕಲ್ವಾ ಸರ್? ಕೆನ್ನೆ ಹತ್ರ ಸಡಿಲ ಇದೆ."

"ನನ್ನ ತೂಕ ಇಳಿದಿದೆ ಕಣಮ್ಮಾ. ಯಾಕೆ, ಹೊಟ್ಟೆಕಿಚ್ಚಾ?"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಫಿಲೋಮಿನಾ ನಗಲಿಲ್ಲ. ಮಾಸ್ಕನ್ನು ಪಕ್ಕಕ್ಕಿಟ್ಟು ಅವರ ಕುತ್ತಿಗೆಯ ಎಡಭಾಗ ಮುಟ್ಟಿದಳು. ನೆಲ್ಲಿಕಾಯಷ್ಟು ದಪ್ಪದ ಗಂಟು ಬೆರಳಿಗೆ ಸಿಕ್ಕಿತು. ಮೆಲ್ಲಗೆ ಒತ್ತಿದಳು.

"ಇಲ್ಲಿ ನೋಯುತ್ತಾ ಸರ್?"

ಪ್ರೊಫೆಸರ್ ಅಂದು ಮೊದಲ ಸಲ ಯಾರನ್ನೂ ಬೈಯದೆ ಉತ್ತರ ಕೊಟ್ಟರು.

"ಇಲ್ಲಮ್ಮಾ."